ಅರ್ಧ ವೇಗದ ದುಃಖ

ರಷ್ಯಾದ ಸಂಗೀತಕಾರ ಸೆರ್ಗೆಯ್ ಪ್ರೊಕೊಫಿಯೆವ್ 1938ರಲ್ಲಿ 'ಅಲೆಕ್ಸಾಂಡರ್ ನೆವ್‌ಸ್ಕಿ' ಎಂಬ ಚಿತ್ರಕ್ಕೆ ಸಂಗೀತ ಕೊಟ್ಟರು. ಅದರಲ್ಲಿ ಮಂಗೋಲರ ಕಾಲ್ತುಳಿತಕ್ಕೆ ಸಿಕ್ಕ ರಷ್ಯಾವನ್ನು ಕಣ್ಣಿಗೆ ಕಟ್ಟಿಸುವ ಒಂದು ಭಾಗವಿದೆ. ಕೇಳಿದರೆ ಎದೆ ಭಾರವಾಗುವಂಥದ್ದು. 1980ರ ದಶಕದಲ್ಲಿ ಬ್ರಿಟನ್ನಿನ ಮನಃಶಾಸ್ತ್ರಜ್ಞರಿಗೆ ಅಷ್ಟು ಭಾರವೂ ಸಾಲಲಿಲ್ಲ. ಅವರು ಆ ಭಾಗವನ್ನು ಅರ್ಧ ವೇಗಕ್ಕೆ ಇಳಿಸಿ ಟೇಪು ಮಾಡಿಕೊಂಡರು. ಪ್ರಯೋಗಕ್ಕೆ ಬಂದವರನ್ನು ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ, ಟೇಪು ಹಾಕಿ, ದುಃಖಪಡಿ ಎಂದರು. ಕೆಲವು ನಿಮಿಷಗಳ ಬಳಿಕ ಒಂದು ಗೆರೆ ಎಳೆದ ಕಾಗದ ಮುಂದಿಟ್ಟು, ಈಗ ಎಷ್ಟು ಬೇಸರವಾಗಿದೆ, ಗುರುತು ಹಾಕಿ ಎಂದು ಕೇಳಿದರು.

ಚೆನ್ನಾಗಿದ್ದವರನ್ನು ಕರೆತಂದು ಅಳಿಸುವುದು ಯಾವ ಪುರುಷಾರ್ಥಕ್ಕೆ ಎಂದು ಕೇಳಬಹುದು. ಕಾರಣವಿದೆ. ಖಿನ್ನತೆಯಲ್ಲಿರುವವರಿಗೆ ಹಳೆಯ ನೆನಪು ತೆಗೆಯಿರಿ ಎಂದರೆ ಕಹಿ ನೆನಪುಗಳೇ ಮೊದಲು ಬರುತ್ತವೆ. ಅವರ ಬದುಕಿನಲ್ಲಿ ಕಹಿಯೇ ಹೆಚ್ಚಿದ್ದದ್ದರಿಂದ ಹಾಗಾಗುತ್ತದೆಯೋ, ಈ ಗಳಿಗೆಯ ಮಂಕು ಮನಸ್ಸು ಕಹಿಯನ್ನೇ ಹುಡುಕಿ ತೆಗೆಯುತ್ತದೆಯೋ? ರೋಗಿಗಳನ್ನು ಎಷ್ಟು ಕೇಳಿದರೂ ಇದು ಬಿಡಿಸಿಕೊಳ್ಳುವ ಗಂಟಲ್ಲ. ಆರೋಗ್ಯವಂತರಲ್ಲಿ ಅರ್ಧ ಗಂಟೆಯ ಮಟ್ಟಿಗೆ ಬೇಸರ ಹುಟ್ಟಿಸಿ, ಅವರ ನೆನಪು ಎತ್ತ ಹೊರಳುತ್ತದೆಂದು ನೋಡಬೇಕು. ಹಾಗಾಗಿ ಮನಸ್ಸಿನ ಬಣ್ಣ ಬದಲಿಸುವ ಕೆಲಸವೇ ಮನೋವಿಜ್ಞಾನದಲ್ಲಿ ಒಂದು ಕಸುಬಾಯಿತು. ಪ್ರಯೋಗ ಮುಗಿದ ಮೇಲೆ ಲವಲವಿಕೆಯ ಸಂಗೀತ ಕೇಳಿಸಿ, ಮುಖ ಅರಳಿದ ಮೇಲೆ ಮನೆಗೆ ಕಳಿಸುವುದೂ ಆ ಕಸುಬಿನ ರೂಢಿಯೇ.

ಇದಕ್ಕೆ ಮೊದಲು ಬಳಕೆಯಲ್ಲಿದ್ದದ್ದು ಎಮ್ಮೆಟ್ ವೆಲ್ಟನ್ 1968ರಲ್ಲಿ ಪ್ರಕಟಿಸಿದ ಕಾರ್ಡುಗಳ ವಿಧಾನ. ಅರವತ್ತು ಕಾರ್ಡು, ಒಂದೊಂದರ ಮೇಲೆ ಒಂದೊಂದು ವಾಕ್ಯ. ಮೊದಲ ವಾಕ್ಯಗಳು ಸಪ್ಪೆ, ಹೋಗ್ತಾ ಹೋಗ್ತಾ ಕತ್ತಲು. ಓದುವವರು ಪ್ರತಿ ವಾಕ್ಯವನ್ನೂ ತಮ್ಮದೇ ಮಾತೆಂದು ಭಾವಿಸಿಕೊಳ್ಳಬೇಕು. ಅಷ್ಟು ಹೊತ್ತಿಗೆ ಯಾರಿಗೇ ಆದರೂ ಇವರು ನನ್ನಿಂದ ಏನು ಬಯಸುತ್ತಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಸಂಗೀತವನ್ನು ತಂದದ್ದಕ್ಕೆ ಆ ಮುಜುಗರವೂ ಒಂದು ಕಾರಣ.

ಅದೇ ಕಾಲದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ಬೋವರ್ ಹಿಡಿದದ್ದು ಸಂಮೋಹನದ ದಾರಿ, ಅಂದರೆ ನಾವು ಹಿಪ್ನಾಟಿಸಂ ಎನ್ನುವುದು. ಸಂಮೋಹನಕ್ಕೆ ಸುಲಭವಾಗಿ ಒಳಗಾಗುವ ವಿದ್ಯಾರ್ಥಿಗಳನ್ನೇ ಅವರು ಆರಿಸಿಕೊಂಡರು. ಆ ಸ್ಥಿತಿಗೆ ತಂದು, ನಿಮ್ಮ ಬದುಕಿನ ಒಂದು ಸಂತೋಷದ ಅಥವಾ ದುಃಖದ ಘಟನೆಯನ್ನು ನೆನೆದುಕೊಳ್ಳಿ, ಅದರೊಳಗೆ ಮತ್ತೆ ಹೋಗಿ ನಿಲ್ಲಿ ಎಂದರು. ಭಾವ ಗಾಢವಾಗಿರಲಿ, ಆದರೆ ತಡೆಯಲಾರದಷ್ಟು ಬೇಡ, ಹದ ನೀವೇ ನೋಡಿಕೊಳ್ಳಿ ಎಂದರು. ಆಮೇಲೆ ಓದಲು ಒಂದು ಕತೆ. ಆಂಡ್ರೆ ಮತ್ತು ಜ್ಯಾಕ್ ಟೆನಿಸ್ ಆಡುತ್ತಾರೆ. ಆಂಡ್ರೆಗೆ ಎಲ್ಲವೂ ಸುಸೂತ್ರ, ಜ್ಯಾಕ್‌ಗೆ ಎಲ್ಲವೂ ಎಡವಟ್ಟು. ಖುಷಿಯಲ್ಲಿದ್ದವರಿಗೆ ಇದು ಆಂಡ್ರೆಯ ಕತೆ ಎನಿಸಿತು, ದುಃಖದಲ್ಲಿದ್ದವರಿಗೆ ಜ್ಯಾಕ್‌ನ ಕತೆ. ಮರುದಿನ ಎಲ್ಲರೂ ಸಹಜ ಸ್ಥಿತಿಗೆ ಬಂದ ಮೇಲೆ ಕೇಳಿದಾಗಲೂ, ತಾವು ಯಾರ ಪರ ನಿಂತಿದ್ದರೋ ಅವನ ವಿವರಗಳೇ ಹೆಚ್ಚಾಗಿ ನೆನಪಿದ್ದವು. 1981ರಲ್ಲಿ ಬೋವರ್ ಬರೆದ ಲೇಖನ ಆ ಕ್ಷೇತ್ರದಲ್ಲಿ ಮನೆಮಾತಾಯಿತು.

ಅದರಲ್ಲೇ ಇನ್ನೊಂದು ಫಲಿತಾಂಶವೂ ಇತ್ತು. ದುಃಖದಲ್ಲಿ ಕಲಿತದ್ದು ದುಃಖದಲ್ಲೇ ಚೆನ್ನಾಗಿ ನೆನಪಾಗುತ್ತದೆ, ಖುಷಿಯಲ್ಲಿ ಕಲಿತದ್ದು ಖುಷಿಯಲ್ಲಿ ಎಂದು. ಎಲ್ಲರಿಗೂ ಹಿಡಿಸಿದ ಮಾತು. 1985ರಲ್ಲಿ ಬೋವರ್ ಮತ್ತು ಅವರ ಸಹೋದ್ಯೋಗಿ ಅದನ್ನೇ ಮತ್ತೆ ಮಾಡಿ ನೋಡಿದರು, ಬರಲಿಲ್ಲ. ಬರಲಿಲ್ಲ ಎಂಬುದನ್ನೇ ಶೀರ್ಷಿಕೆ ಮಾಡಿ ಪ್ರಕಟಿಸಿದರು. ತಮಗೆ ಹೆಸರು ತಂದುಕೊಟ್ಟ ಸಂಗತಿಯನ್ನು ತಾವೇ ಅಲುಗಾಡಿಸಿ ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನಗಂತೂ ಟೆನಿಸ್ ಕತೆಗಿಂತ ಈ ಲೇಖನದ ಮೇಲೆಯೇ ಗೌರವ ಹೆಚ್ಚು.

ಇಲ್ಲಿ ಕಾಡುವ ಪ್ರಶ್ನೆ ಹಳೆಯದು. ಎದುರಿಗಿರುವವರು ನಿಜವಾಗಿ ದುಃಖಪಟ್ಟರೋ, ನಮ್ಮ ಮನಸ್ಸು ನೋಯಿಸಬಾರದೆಂದು ದುಃಖಪಟ್ಟವರಂತೆ ನಡೆದುಕೊಂಡರೋ? ಈ ಪ್ರಶ್ನೆಯನ್ನು ಮೊದಲು ನೇರವಾಗಿ ಪರೀಕ್ಷೆಗೆ ಒಡ್ಡಿದ ಜಾಗ ಪ್ಯಾರಿಸ್. ಕುತೂಹಲವೆಂದರೆ ಅಲ್ಲಿಯೂ ಸಂಗೀತವಿತ್ತು.

ಫ್ರಾನ್ಜ್ ಆಂಟನ್ ಮೆಸ್ಮರ್ ವಿಯೆನ್ನಾದಲ್ಲಿ ಓದಿದ ವೈದ್ಯ. 1778ರಲ್ಲಿ ಪ್ಯಾರಿಸ್ಸಿಗೆ ಬಂದು ನೆಲೆಯೂರಿದ. ಜೀವಿಗಳಲ್ಲೆಲ್ಲ ಹರಿಯುವ ಕಾಂತಶಕ್ತಿಯ ದ್ರವವೊಂದಿದೆ, ಅದರ ಹರಿವು ಕಟ್ಟಿಕೊಂಡರೆ ರೋಗ, ಬಿಡಿಸಿದರೆ ಗುಣ ಎಂಬುದು ಅವನ ಸಿದ್ಧಾಂತ. ಮರದ ದೊಡ್ಡ ತೊಟ್ಟಿ, ಅದರೊಳಗೆ ನೀರು, ಕಬ್ಬಿಣದ ಪುಡಿ, ಸೀಸೆಗಳು. ತೊಟ್ಟಿಯಿಂದ ಹೊರಚಾಚಿದ ಕಬ್ಬಿಣದ ಸರಳುಗಳನ್ನು ರೋಗಿಗಳು ನೋವಿರುವ ಕಡೆಗೆ ಒತ್ತಿಕೊಂಡು ಸುತ್ತ ಕೂರುತ್ತಿದ್ದರು. ಎಲ್ಲರನ್ನೂ ಸುತ್ತುವರಿದ ಹಗ್ಗ, ಮಬ್ಬು ಬೆಳಕು. ಪಕ್ಕದಲ್ಲಿ ಗಾಜಿನ ಹಾರ್ಮೋನಿಕಾದ ನಾದ. ಜಲತರಂಗ ನೋಡಿದವರಿಗೆ ಈ ವಾದ್ಯವನ್ನು ಊಹಿಸುವುದು ಕಷ್ಟವಲ್ಲ. ಗಾಜಿನ ಬಟ್ಟಲುಗಳನ್ನು ಒಂದರೊಳಗೊಂದು ಅಡ್ಡ ಸರಳಿಗೆ ಪೋಣಿಸಿ, ಕಾಲಿನಿಂದ ತುಳಿದು ತಿರುಗಿಸುತ್ತಾ, ಒದ್ದೆ ಬೆರಳನ್ನು ಅಂಚಿಗೆ ತಾಗಿಸಬೇಕು. ಸ್ವರ ಎಲ್ಲಿಂದ ಹೊರಟಿತೆಂದೇ ತಿಳಿಯುವುದಿಲ್ಲ. ಏರಿ, ಇಳಿದು, ಕೋಣೆ ತುಂಬಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ತೊಟ್ಟಿಯ ಸುತ್ತ ಒಬ್ಬರು ಬಿಕ್ಕಿ ಅಳುತ್ತಿದ್ದರು, ಇನ್ನೊಬ್ಬರು ನಗುತ್ತಿದ್ದರು, ಮತ್ತೊಬ್ಬರಿಗೆ ಸೆಟೆದುಕೊಂಡು ಮೂರ್ಛೆ.

1784ರಲ್ಲಿ ದೊರೆ ಹದಿನಾರನೆಯ ಲೂಯಿ ತನಿಖಾ ಆಯೋಗ ನೇಮಿಸಿದ. ರಸಾಯನಶಾಸ್ತ್ರಜ್ಞ ಲವಾಸಿಯೇ, ಖಗೋಳಜ್ಞ ಬೈಯ್ಯಿ ಅದರಲ್ಲಿದ್ದರು. ಮುಖ್ಯಸ್ಥ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ರಾಯಭಾರಿ, 78 ವರ್ಷದ ಬೆಂಜಮಿನ್ ಫ್ರಾಂಕ್ಲಿನ್. ಆ ಗಾಜಿನ ವಾದ್ಯವನ್ನು 1761ರಲ್ಲಿ ಕಂಡುಹಿಡಿದದ್ದೂ ಇದೇ ಫ್ರಾಂಕ್ಲಿನ್! ಮೆಸ್ಮರ್ ತಾನು ಬರಲೊಲ್ಲೆ ಎಂದ. ಅವನ ಶಿಷ್ಯ ಡೆಸ್ಲಾಂ ಒಪ್ಪಿದ. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಏಪ್ರಿಕಾಟ್ ಮರಕ್ಕೆ ಡೆಸ್ಲಾಂ ತನ್ನ ಶಕ್ತಿ ತುಂಬಿದ. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ ಒಂದೊಂದಾಗಿ ಬೇರೆ ಮರಗಳ ಬಳಿ ಕರೆದೊಯ್ದರು. ಹುಡುಗ ಬೆವರಿದ, ಕೆಮ್ಮಿದ, ತಲೆ ಸಿಡಿಯುತ್ತಿದೆ ಎಂದ. ನಾಲ್ಕನೆಯ ಮರದ ಬಳಿ ಪ್ರಜ್ಞೆ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಇನ್ನೂ ದೂರದಲ್ಲಿತ್ತು.

ಕಾಂತದ್ರವ ಎಂಬುದಿಲ್ಲ, ಕೆಲಸ ಮಾಡುತ್ತಿರುವುದು ಕಲ್ಪನೆ ಎಂದು ಆಯೋಗ ತೀರ್ಪು ಕೊಟ್ಟಿತು. ಮೆಸ್ಮರನ ಆಟ ಅಲ್ಲಿಗೆ ಮುಗಿಯಿತು ಎಂದು ಈ ಕತೆಯನ್ನು ನಿಲ್ಲಿಸುವವರೇ ಹೆಚ್ಚು. ಆದರೆ ಹುಡುಗ ಬಿದ್ದದ್ದು ನಿಜ, ಬೆವರಿದ್ದು ನಿಜ. ಬರೀ ಕಲ್ಪನೆಗೆ ಇಷ್ಟು ಬಲವಿದ್ದರೆ ಅದನ್ನೇ ಯಾಕೆ ಅಧ್ಯಯನ ಮಾಡಬಾರದು ಎಂಬ ಪ್ರಶ್ನೆ ಆ ವರದಿಯ ಹೊಟ್ಟೆಯಲ್ಲೇ ಇತ್ತು. ಅದನ್ನು ಕೈಗೆತ್ತಿಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್ 1843ರ ತಮ್ಮ ಪುಸ್ತಕದಲ್ಲಿ ದ್ರವ, ಕಾಂತ ಎಲ್ಲವನ್ನೂ ಬದಿಗಿಟ್ಟು, ಒಂದೇ ಕಡೆ ನೆಟ್ಟ ಗಮನದಿಂದ ಈ ಸ್ಥಿತಿ ಬರುತ್ತದೆ ಎಂದರು. ಹಿಪ್ನಾಟಿಸಂ ಎಂಬ ಮಾತು ರೂಢಿಗೆ ಬಂದದ್ದು ಅವರಿಂದ.

ನಮ್ಮಲ್ಲಿ ಈ ವಿದ್ಯೆಯ ಹೆಸರು ಕೆಟ್ಟದ್ದು ಬೇರೆ ಕಾರಣಕ್ಕೆ. ಮಂಕುಬೂದಿ ಎರಚಿ ಮಾಂಗಲ್ಯ ಸರ ಲಪಟಾಯಿಸಿದರು ಎಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಓದಿದವರ ಕಲ್ಪನೆಯಲ್ಲಿ ಸಂಮೋಹನಕಾರ ಎಂದರೆ ಕಣ್ಣು ಕೆಂಪಗೆ ಮಾಡಿಕೊಂಡು ಎದುರಿನವರನ್ನು ಬೊಂಬೆಯಂತೆ ಆಡಿಸುವವ. ಪ್ರಯೋಗಾಲಯದ ಸಂಮೋಹನ ನೋಡಿದರೆ ಇವರಿಗೆ ನಿರಾಸೆಯಾದೀತು. ಸ್ಟ್ಯಾನ್‌ಫರ್ಡ್‌ನಲ್ಲಿ ವೈಟ್ಸೆನ್‌ಹೋಫರ್ ಮತ್ತು ಹಿಲ್ಗಾರ್ಡ್ 1959ರಿಂದ ರೂಪಿಸಿದ ಅಳತೆಪಟ್ಟಿಯಲ್ಲಿ ಹನ್ನೆರಡು ಪರೀಕ್ಷೆಗಳಿವೆ. ಕೈ ಚಾಚಿ, ಅದು ಭಾರವಾಗುತ್ತಿದೆ ಎಂದುಕೊಳ್ಳಿ, ಕೈ ಇಳಿಯುತ್ತದೆಯೇ? ಸೊಳ್ಳೆಯೊಂದು ಗುಂಯ್‌ಗುಟ್ಟುತ್ತಾ ಹತ್ತಿರ ಬರುತ್ತಿದೆ. ಓಡಿಸಲು ಕೈ ಬೀಸುತ್ತೀರಾ? ಬಾಯಲ್ಲಿ ಸಿಹಿ ಬರುತ್ತಿದೆ, ಈಗ ಹುಳಿ, ಮುಖ ಕಿವುಚುತ್ತದೆಯೇ? ಎಷ್ಟಕ್ಕೆ ಸ್ಪಂದಿಸಿದಿರೋ ಅಷ್ಟು ಅಂಕ. ಸುಮಾರು ಶೇ 10ರಿಂದ 15ರಷ್ಟು ಮಂದಿ ಬಹುಪಾಲು ಎಲ್ಲಕ್ಕೂ ಸ್ಪಂದಿಸುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಸೊಳ್ಳೆಯೂ ಇಲ್ಲ, ಹುಳಿಯೂ ಇಲ್ಲ. ಉಳಿದವರು ನಡುವೆ. ಒಬ್ಬರ ಅಂಕ 25 ವರ್ಷ ಬಿಟ್ಟು ಅಳೆದರೂ ಹೆಚ್ಚು ಬದಲಾಗುವುದಿಲ್ಲ. ಎಂದ ಮೇಲೆ ಇದು ಸಂಮೋಹನಕಾರನ ಕಣ್ಣಿನ ಶಕ್ತಿಯೇನೂ ಅಲ್ಲ, ಒಳಗಾಗುವವರ ಸಾಮರ್ಥ್ಯ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಇದೂ ಹಾಗೆಯೇ.

ನಟನೆಯ ಅನುಮಾನ ಮಾತ್ರ ಹೋಗಲಿಲ್ಲ. ಸ್ವತಃ ಸಂಮೋಹನ ತಜ್ಞರಾಗಿದ್ದ ಮಾರ್ಟಿನ್ ಆರ್ನ್ ಅದಕ್ಕೊಂದು ಉಪಾಯ ಹೂಡಿದರು. ಸಂಮೋಹನಕ್ಕೆ ಒಳಗಾಗದವರನ್ನೇ ಆರಿಸಿ, ಒಳಗಾದಂತೆ ನಟಿಸಿ ಎಂದು ಗುಟ್ಟಾಗಿ ಹೇಳಿ, ನಿಜವಾಗಿ ಒಳಗಾದವರ ಜೊತೆ ಕಳಿಸಿದರು. ಯಾರು ಯಾರೆಂದು ಸಂಮೋಹನಕಾರನಿಗೆ ತಿಳಿಸಲಿಲ್ಲ. ಅನುಭವಿಗಳೂ ಮೋಸಹೋದರು. ಪ್ರಯೋಗಕ್ಕೆ ಬಂದವರು ಪ್ರಯೋಗಕರ್ತರ ಇಂಗಿತ ಹಿಡಿದು ನಡೆಯುತ್ತಾರೆ ಎಂದು ಆರ್ನ್ 1962ರಲ್ಲಿ ಬರೆದ ಲೇಖನ ಇಂದಿಗೂ ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲ ಪಾಠಗಳಲ್ಲೊಂದು.

ಹಾಗಾದರೆ ಎಲ್ಲವೂ ನಾಟಕವೇ? ಕೆನಡಾದ ಮಾಂಟ್ರಿಯಲ್‌ನಲ್ಲಿ ಪಿಯರ್ ರೆನ್‌ವಿಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ತಕ್ಕ ಉತ್ತರ. ಸಂಮೋಹನದಲ್ಲಿದ್ದವರ ಕೈಯನ್ನು 47 ಡಿಗ್ರಿ ಬಿಸಿನೀರಿನಲ್ಲಿ ಇರಿಸಿದರು. ಒಮ್ಮೆ, ಈ ನೋವು ಅಷ್ಟೇನೂ ಅಹಿತವಲ್ಲ ಎಂದು ಹೇಳಿದರು. ಇನ್ನೊಮ್ಮೆ, ಬಹಳ ಅಹಿತ ಎಂದರು. ನೀರಿನ ಬಿಸಿ ಅದೇ. ಮಿದುಳಿನ ಚಿತ್ರ ತೆಗೆದಾಗ, ನೋವು ಎಲ್ಲಿದೆ, ಎಷ್ಟಿದೆ ಎಂದು ಅಳೆಯುವ ಭಾಗ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ನೋವಿನ ಸಂಕಟಕ್ಕೆ ಸಂಬಂಧಿಸಿದ ಮುಂಭಾಗದ ಸಿಂಗ್ಯುಲೇಟ್ ಪದರ ಮಾತ್ರ, ಹೇಳಿದ ಮಾತಿನಂತೆ ಏರಿ ಇಳಿಯಿತು. ಉರಿ ಇತ್ತು, ಉರಿಯ ಬಗೆಗಿನ ಭಾವ ಬದಲಾಗಿತ್ತು. ಮಿದುಳಿನ ಒಂದೇ ಭಾಗವನ್ನು ಹೀಗೆ ಆರಿಸಿ ಏರಿಳಿಸುವಂತೆ ನಟಿಸಲು ಯಾವ ನಟನಿಗೂ ಬಾರದು.

ಈಗ ಸಂಗೀತಕ್ಕೆ ಬರೋಣ. ಪ್ರೊಕೊಫಿಯೆವ್ ಟೇಪು ಕೇಳಿಸುವ ಮೊದಲು ಆ ಸಂಶೋಧಕರು ಹೇಳುತ್ತಿದ್ದ ಒಂದು ಸೂಚನೆಯನ್ನು ನಾನು ಬೇಕೆಂದೇ ಇಲ್ಲಿಯವರೆಗೆ ತಡೆಹಿಡಿದೆ. ಸಂಗೀತ ತನ್ನಷ್ಟಕ್ಕೆ ತಾನೇ ನಿಮ್ಮಲ್ಲಿ ಈ ಭಾವ ಹುಟ್ಟಿಸಲಾರದು, ನೀವೂ ಪ್ರಯತ್ನಪಡಬೇಕು, ನಿಮಗೆ ತೋಚಿದ ದಾರಿ ಹಿಡಿಯಿರಿ ಎಂಬುದು ಅದರ ತಾತ್ಪರ್ಯ. ಎಂದರೆ ಕೇಳುಗರು ಅಲ್ಲಿ ಕೂತು ತಮ್ಮ ಹಳೆಯ ಸಾವುನೋವುಗಳನ್ನು ತಾವೇ ಕೆದಕಿಕೊಳ್ಳುತ್ತಿದ್ದರು. ಬೋವರ್ ತಮ್ಮ ವಿದ್ಯಾರ್ಥಿಗಳಿಗೆ ಹೇಳಿದ್ದೂ ಇದನ್ನೇ ಅಲ್ಲವೆ? ಒಂದು ಕಡೆ ಸಂಮೋಹನ, ಇನ್ನೊಂದು ಕಡೆ ಸಂಗೀತ. ಒಳಗೆ ನಡೆಯುತ್ತಿದ್ದ ಕೆಲಸ ಒಂದೇ.

ಇಷ್ಟದ ಹಾಡು ಕೇಳಿ ಮೈ ಜುಮ್ಮೆನ್ನುವುದರ ಬಗ್ಗೆ ಆನ್ ಬ್ಲಡ್ ಮತ್ತು ರಾಬರ್ಟ್ ಝಟೋರೆ 2001ರಲ್ಲಿ ಮಾಡಿದ ಅಧ್ಯಯನ ನೋಡಿ. ಇದೂ ಮಾಂಟ್ರಿಯಲ್‌ನದೇ. ಬಂದ ಹತ್ತು ಮಂದಿಗೂ ನಿಮಗೆ ರೋಮಾಂಚನ ತರುವ ಸಂಗೀತವನ್ನು ನೀವೇ ತನ್ನಿ ಎಂದರು. ಅದನ್ನು ಕೇಳುವಾಗ, ಊಟ ಕೊಡುವ ತೃಪ್ತಿಗೆ ಸ್ಪಂದಿಸುವ ಮಿದುಳಿನ ಭಾಗಗಳೇ ಚುರುಕಾದವು. ಹೋಲಿಸಿ ನೋಡಲು ತಟಸ್ಥ ಸಂಗೀತವೂ ಬೇಕಲ್ಲ? ಒಬ್ಬರು ತಂದದ್ದನ್ನು ಇನ್ನೊಬ್ಬರಿಗೆ ಕೇಳಿಸಿದರು! ಒಬ್ಬರ ಕಣ್ಣಲ್ಲಿ ನೀರು ತರಿಸಿದ್ದು ಪಕ್ಕದವರಿಗೆ ಬರೀ ಸದ್ದು.

ನಿದ್ದೆಗೆ ಈ ರಾಗ, ರಕ್ತದೊತ್ತಡಕ್ಕೆ ಆ ರಾಗ, ಮಧುಮೇಹಕ್ಕೆ ಇನ್ನೊಂದು ಎಂದು ಮಾತ್ರೆಗಳಂತೆ ಪಟ್ಟಿ ಮಾಡಿ ಮಾರುವವರು ಈ ಅಧ್ಯಯನವನ್ನು ಒಮ್ಮೆ ಓದಬೇಕು. ನೀಲಾಂಬರಿ ಕೇಳಿದರೆ ನಿದ್ದೆ ಬರುತ್ತದೆ, ಒಪ್ಪಿದೆ. ತೊಟ್ಟಿಲ ಹಾಡನ್ನು ಆ ರಾಗದಲ್ಲಿ ಕೇಳಿ ಬೆಳೆದವರಿಗೆ ಇನ್ನೂ ಬೇಗ ಬಂದೀತು. ಹಾಗೆಂದು ಸ್ವರಗಳಲ್ಲಿ ಏನೂ ಇಲ್ಲ ಎಂದೂ ಅಲ್ಲ. 1999ರಲ್ಲಿ ಬಾಕ್‌ವಿಲ್ ಮತ್ತು ಥಾಂಪ್ಸನ್, ಹಿಂದೂಸ್ತಾನಿ ಸಂಗೀತದ ಗಂಧಗಾಳಿ ಇಲ್ಲದ ಕೇಳುಗರಿಗೆ ರಾಗಗಳನ್ನು ಕೇಳಿಸಿದರು. ಸಂತೋಷ, ದುಃಖ, ಕೋಪ ಯಾವುದರದ್ದೆಂದು ಅವರು ಸಾಕಷ್ಟು ಸರಿಯಾಗಿಯೇ ಹೇಳಿದರು. ಎಡವಿದ್ದು ಶಾಂತಿಯ ವಿಷಯದಲ್ಲಿ. ಲಯ ನಿಧಾನವಾದರೆ ದುಃಖ, ಚುರುಕಾದರೆ ಸಂತೋಷ ಎಂಬ ಲೆಕ್ಕ ಊರು ದಾಟಿ ಹೋಗುತ್ತದೆ. ಶಾಂತರಸ ಹಿಡಿಯಲು ಮಾತ್ರ ಆ ಸಂಗೀತದ ಒಡನಾಟ ಬೇಕೇನೋ ಎಂದು ನನ್ನ ಊಹೆ. ಆದರೆ ದುಃಖವೆಂದು ಗುರುತಿಸುವುದೇ ಬೇರೆ, ದುಃಖಪಡುವುದೇ ಬೇರೆ. ಹಾಡಿನ ಮೇಲೆ ಬರೆದಿರುವುದನ್ನು ಯಾರು ಬೇಕಾದರೂ ಓದಬಹುದು, ಅಳಲು ಸ್ವಂತದ್ದೇನಾದರೂ ಬೇಕು.

ಸಂಮೋಹನ, ಸಂಗೀತ ಎಂಬ ಈ ಎರಡು ವಿದ್ಯೆಗಳನ್ನೂ ಜೋಡಿಸಿದವರು ಅಮೆರಿಕದ ಸಂಗೀತ ಚಿಕಿತ್ಸಕಿ ಹೆಲೆನ್ ಬಾನಿ. ಪಿಟೀಲು ಕಲಿತವರು. ಮೇರಿಲ್ಯಾಂಡ್‌ನ ಮನೋರೋಗ ಸಂಶೋಧನಾ ಕೇಂದ್ರದಲ್ಲಿ ಎಲ್‌ಎಸ್‌ಡಿ ಮಾದಕದ್ರವ್ಯ ಕೊಟ್ಟು ಚಿಕಿತ್ಸೆ ನಡೆಸುತ್ತಿದ್ದಾಗ, ಆ ಹೊತ್ತಿಗೆ ಹಾಕಬೇಕಾದ ಸಂಗೀತ ಆರಿಸುವುದು ಅವರ ಕೆಲಸವಾಗಿತ್ತು. ಆ ಔಷಧಕ್ಕೆ ಕಡಿವಾಣ ಬಿದ್ದಾಗ ಬಾನಿ, ಔಷಧವಿಲ್ಲದೆ ಬರೀ ಸಂಗೀತದಿಂದಲೇ ಅಷ್ಟು ದೂರ ಹೋಗಬಹುದೇ ನೋಡೋಣ ಎಂದರು. 1970ರ ದಶಕದಲ್ಲಿ ಅವರ ವಿಧಾನ ರೂಪುಗೊಂಡಿತು. ಮಲಗಿಸಿ ಮೈ ಸಡಿಲಗೊಳಿಸಿ, ಗಮನವನ್ನು ಒಳಕ್ಕೆ ತಿರುಗಿಸಿ, ಆರಿಸಿದ ಶಾಸ್ತ್ರೀಯ ಸಂಗೀತ ಹಾಕುತ್ತಾರೆ. ಏನು ಕಾಣುತ್ತಿದೆ, ಏನನ್ನಿಸುತ್ತಿದೆ ಎಂದು ಚಿಕಿತ್ಸಕರು ನಡುನಡುವೆ ಮಾತಾಡಿಸುತ್ತಾರೆ. ಕಂಡದ್ದನ್ನು ಆಮೇಲೆ ಕೂತು ಇಬ್ಬರೂ ಚರ್ಚಿಸುತ್ತಾರೆ. ತರಬೇತಿ ಪಡೆದವರು ಮಾತ್ರ ಮಾಡಬೇಕಾದ ಕೆಲಸ ಇದು, ಯಾಕೆಂದರೆ ಮುಚ್ಚಿಟ್ಟ ಎಷ್ಟೋ ಸಂಗತಿಗಳು ಹೀಗೆ ಒಮ್ಮೆಲೇ ಮೇಲೆದ್ದು ಬರುತ್ತವೆ.

ಇವೆಲ್ಲ ಕೇಳುಗರು ಒಪ್ಪಿ ಕೂತ ಸಂದರ್ಭಗಳು. ಒಪ್ಪಿಗೆ ಕೇಳದೆ ಕಿವಿಗೆ ಬೀಳುವ ಸಂಗೀತದ ಕತೆ ಬೇರೆ. ಅಮೆರಿಕದಲ್ಲಿ 1934ರಲ್ಲಿ ಹೆಸರು ಪಡೆದ ಮ್ಯೂಝಾಕ್ ಕಂಪನಿ ಕಾರ್ಖಾನೆ, ಕಚೇರಿಗಳಿಗೆ ತಂತಿಯ ಮೂಲಕ ಸಂಗೀತ ಮಾರುತ್ತಿತ್ತು. ಕಾಲುಗಂಟೆ ಸಂಗೀತ, ಕಾಲುಗಂಟೆ ಮೌನ. ಆ ಕಾಲುಗಂಟೆಯಲ್ಲಿ ಹಾಡಿನಿಂದ ಹಾಡಿಗೆ ಚುರುಕು ಏರುತ್ತಾ ಹೋಗುವಂತೆ ಜೋಡಣೆ. ಬಳಲಿದ ಕೆಲಸಗಾರನಿಗೆ ಗೊತ್ತಾಗದಂತೆ ಹುರುಪು ತುಂಬುವುದು ಉದ್ದೇಶ. (ಹೆಚ್ಚುಕಡಿಮೆ ಅದೇ ಹೊತ್ತಿಗೆ, 1935ರಲ್ಲಿ, ಮೈಸೂರಿನಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಕೂಡ ಮನಃಶಾಸ್ತ್ರದ ಪ್ರಾಧ್ಯಾಪಕರೇ. ಅವರ ಬಾನುಲಿಯನ್ನು ಮಾತ್ರ ಬೇಡವಾದವರು ನಿಲ್ಲಿಸಬಹುದಿತ್ತು.) 1982ರಲ್ಲಿ ರೊನಾಲ್ಡ್ ಮಿಲಿಮನ್ ಪ್ರಕಟಿಸಿದ ಅಧ್ಯಯನದಲ್ಲಿ, ಸೂಪರ್‌ಮಾರ್ಕೆಟ್‌ನಲ್ಲಿ ನಿಧಾನದ ಸಂಗೀತ ಹಾಕಿದ ದಿನ ಗಿರಾಕಿಗಳ ನಡಿಗೆ ನಿಧಾನವಾಯಿತು, ವೇಗದ ಸಂಗೀತದ ದಿನಕ್ಕಿಂತ ವ್ಯಾಪಾರ ಶೇ 38ರಷ್ಟು ಹೆಚ್ಚಿತು. ಬ್ರಿಟನ್ನಿನ ಅಂಗಡಿಯೊಂದರಲ್ಲಿ ಎರಡು ವಾರ ದಿನ ಬಿಟ್ಟು ದಿನ ಫ್ರೆಂಚ್ ಮತ್ತು ಜರ್ಮನ್ ಸಂಗೀತ ಹಾಕಿ ನೋಡಿದರು. ಫ್ರೆಂಚ್ ದಿನ ಫ್ರೆಂಚ್ ವೈನ್, ಜರ್ಮನ್ ದಿನ ಜರ್ಮನ್ ವೈನ್ ಹೆಚ್ಚು ಖರ್ಚಾದವು. 1997ರ ಈ ಅಧ್ಯಯನದಲ್ಲಿ ಸಂಗೀತ ಕೇಳಿ ಕೊಂಡಿರಾ ಎಂದು ಕೇಳಿದರೆ, ಬಹುತೇಕರು ಛೇ, ಇಲ್ಲಪ್ಪ ಎಂದರು. ಇಲ್ಲಿ ಯಾರ ಮನಸ್ಸೂ ಕರಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಾಲಿನ ವೇಗ ಬದಲಾಯಿತು, ಕೈ ಹೋದ ಸೀಸೆ ಬದಲಾಯಿತು. ಅಂಗಡಿಯವನಿಗೆ ಅಷ್ಟೇ ಸಾಕು, ನಮ್ಮ ಸುಖದುಃಖ ಕಟ್ಟಿಕೊಂಡು ಅವನಿಗೇನಾಗಬೇಕು?

ನಾನು ಹೇಳುತ್ತಾ ಬಂದ ವಾದಕ್ಕೆ ತೊಡರುಗಾಲಾಗುವ ಸಂಗತಿಯೂ ಒಂದಿದೆ. ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಸಂಗೀತ ಕೇಳಿಸಿದ 73 ಪರೀಕ್ಷೆಗಳನ್ನು ಒಟ್ಟುಹಾಕಿದ ವಿಶ್ಲೇಷಣೆ 2015ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಬಂತು. ಸುಮಾರು ಏಳು ಸಾವಿರ ರೋಗಿಗಳು. ಸಂಗೀತ ಕೇಳಿದವರಿಗೆ ಆಪರೇಷನ್ ನಂತರದ ನೋವು, ಆತಂಕ ಕಡಿಮೆ. ನೋವಿನ ಔಷಧವೂ ಕಡಿಮೆ ಸಾಕಾಯಿತು. ಸಂಗೀತವನ್ನು ರೋಗಿಯೇ ಆರಿಸಿದರೂ, ಬೇರೆಯವರು ಆರಿಸಿದರೂ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಸೋಜಿಗವೆಂದರೆ ಪೂರ್ತಿ ಅರಿವಳಿಕೆಯಲ್ಲಿದ್ದಾಗ ಕೇಳಿಸಿದರೂ ಸ್ವಲ್ಪ ಗುಣ ಕಂಡಿತು. ಪ್ರಜ್ಞೆಯೇ ಇಲ್ಲದವರು ಯಾವ ನೆನಪು ಕೆದಕಿಕೊಂಡಾರು, ಯಾವ ಪ್ರಯತ್ನ ಪಟ್ಟಾರು? ಅಲ್ಲಿ ನಡೆಯುವುದು ಬೇರೇನೋ ಇರಬೇಕು. ಹಾಗಿದ್ದೂ ಆ ಲೇಖಕರು ಆಸ್ಪತ್ರೆಗಳಿಗೆ ಕೊಟ್ಟ ಸಲಹೆ ಸರಳ. ಆಪರೇಷನ್ನಿಗೆ ಬರುವವರಿಗೆಲ್ಲ ಸಂಗೀತದ ಅನುಕೂಲ ಇರಲಿ, ಯಾವುದು ಬೇಕೆಂದು ಅವರನ್ನೇ ಕೇಳಿ, ಡಾಕ್ಟರು ನರ್ಸುಗಳ ಮಾತು ಒಬ್ಬರಿಗೊಬ್ಬರಿಗೆ ಕೇಳದಷ್ಟು ಜೋರಾಗಿ ಮಾತ್ರ ಹಾಕಬೇಡಿ.